ಮೊದಲು ಮಳೆಯ ಲೆಕ್ಕ, ಆಮೇಲೆ ಹುಲ್ಲುಹಾಸು

"ಅಕ್ಕಾ, ಇದನ್ನೊಂದು ನೋಡಿ ಹೇಳಿ" ಅಂತ ಪಕ್ಕದ ಮನೆಯ ಮಂಜಣ್ಣ ದಾಸವಾಳದ ಬೇಲಿಯ ಮೇಲಿಂದ ಮೊಬೈಲು ಚಾಚಿದರು. ಬೆಂಗಳೂರಿನ ಒಳಭಾಗದ ಒಂದು ಹಳೆಯ ಕಚೇರಿ ಆವರಣದ ಉಸ್ತುವಾರಿ ಅವರದು. ಎಂಟು ಎಕರೆ ಜಾಗ, ಒಂದು ಕಾಲಕ್ಕೆ ಕಾರ್ಖಾನೆಯಾಗಿದ್ದದ್ದು. ಈಗ ಹಳೇ ಕಟ್ಟಡಗಳನ್ನು ಉಳಿಸಿಕೊಂಡೇ ಹೊಸ ರೂಪ ಕೊಡುತ್ತಿದ್ದಾರೆ. ಒಳಗಿನ ಕೆಲಸ ಮುಗಿಯುತ್ತಾ ಬಂದಿದೆ, ಹೊರಗಿನ ತೋಟದ ನಕ್ಷೆ ಕೈಗೆ ಬಂದಿದೆ. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಟ್ಟು ನಿವೃತ್ತಳಾದವಳು ಅನ್ನೋ ಕಾರಣಕ್ಕೆ ಗಿಡಮರದ ವಿಷಯ ಬಂದರೆ ಅವರು ಬೇಲಿಯ ಹತ್ತಿರ ಬರುತ್ತಾರೆ. ನನಗೂ ಅದು ಇಷ್ಟದ ಮಾತು.

ನಕ್ಷೆಯಲ್ಲಿ ಗೇಟಿನಿಂದ ಪೋರ್ಟಿಕೋವರೆಗೆ ಮೆಕ್ಸಿಕನ್ ಹುಲ್ಲಿನ ಹಾಸು. ಎರಡೂ ಕಡೆ ಸಾಲಾಗಿ ರಾಯಲ್ ಪಾಮ್. ನಡುವೆ ಕಾರಂಜಿ. ಅಲ್ಲಲ್ಲಿ ಮಣ್ಣಿನ ದಿಬ್ಬ, ದಿಬ್ಬದ ಮೇಲೆ ದುಂಡುಕಲ್ಲು, ಸುತ್ತ ಬಣ್ಣಬಣ್ಣದ ಸೀಸನ್ ಹೂ. ಮೂಲೆಯಲ್ಲಿ ಎಲೆಯ ಗುರುತು ಹಾಕಿ 'ಸುಸ್ಥಿರ ಭೂವಿನ್ಯಾಸ' ಎಂದು ಬರೆದಿದ್ದರು.

ನಾನು ಎರಡೇ ಪ್ರಶ್ನೆ ಕೇಳಿದೆ. ಈಗ ಅಲ್ಲಿರುವ ಮರಗಳು ಎಲ್ಲಿ ಹೋದವು? ಈ ಹುಲ್ಲಿಗೆ ನೀರು ಎಲ್ಲಿಂದ?

"ಮಳೆಮರಗಳನ್ನ ತೆಗೀಬೇಕು ಅಂತಾರೆ ಅಕ್ಕಾ, ಅವು ನಮ್ಮ ದೇಶದ್ದಲ್ಲವಂತೆ. ನೀರಿಗೆ ಬೋರ್ ಇದೆ, ಸಾಲದೇ ಹೋದರೆ ಟ್ಯಾಂಕರು."

ಅಲ್ಲಿಂದ ಶುರುವಾದ ಮಾತು ಆ ಭಾನುವಾರಕ್ಕೆ ನಿಲ್ಲಲಿಲ್ಲ. ಆವರಣಕ್ಕೇ ಕರೆದುಕೊಂಡು ಹೋಗಿ ತೋರಿಸಿದರು, ಬಂದ ಮೇಲೆ ಮತ್ತೆ ಬೇಲಿಯ ಹತ್ತಿರ ವಾದ. ನಗರದಲ್ಲಿ ಇಂಥ ಹಳೆಯ ಆವರಣಗಳು ಒಂದೊಂದಾಗಿ ಹೊಸದಾಗುತ್ತಿವೆ, ಈ ಮಾತು ಇನ್ನೂ ಹತ್ತಾರು ಮಂಜಣ್ಣಂದಿರಿಗೆ ಬೇಕಾಗಬಹುದು ಅನ್ನಿಸಿ ಬರೆಯುತ್ತಿದ್ದೇನೆ.

ಮೊದಲು ನೀರಿನ ಲೆಕ್ಕ ಹಾಕೋಣ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಬೆಂಗಳೂರಿನ ಬೇಸಿಗೆಯಲ್ಲಿ ಹುಲ್ಲುಹಾಸು ಹಸಿರಾಗಿ ಉಳಿಯಬೇಕಾದರೆ ದಿನಕ್ಕೆ ಹತ್ತಿರಹತ್ತಿರ ಐದು ಮಿಲಿಮೀಟರ್ ನೀರು ಬೇಕು. ಅಲ್ಲಿಗೆ ಒಂದು ಎಕರೆ ಹುಲ್ಲಿಗೆ ದಿನಕ್ಕೆ 20,000 ಲೀಟರ್ ಆಯಿತು. ಜನವರಿಯಿಂದ ಏಪ್ರಿಲ್ ಮುಗಿಯುವವರೆಗೆ ನಾಲ್ಕು ತಿಂಗಳು ಹೀಗೇ ಹಾಕಿದರೆ 24 ಲಕ್ಷ ಲೀಟರ್. 12,000 ಲೀಟರಿನ ದೊಡ್ಡ ಟ್ಯಾಂಕರಿನ ಲೆಕ್ಕದಲ್ಲಿ 200 ಟ್ಯಾಂಕರು. 2024ರ ಮಾರ್ಚಿನಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಬೆಂಗಳೂರು ಜಿಲ್ಲಾಡಳಿತ ಟ್ಯಾಂಕರಿಗೆ ದರ ಕಟ್ಟಿತ್ತಲ್ಲ, ಐದು ಕಿಲೋಮೀಟರ್ ಒಳಗಾದರೆ 12,000 ಲೀಟರಿಗೆ 1,000 ರೂಪಾಯಿ. ಆ ದರದಲ್ಲೇ ಸಿಕ್ಕಿತು ಅಂದುಕೊಂಡರೂ ಬರೀ ಹುಲ್ಲಿಗೆ ಎರಡು ಲಕ್ಷ ರೂಪಾಯಿ. ದುಡ್ಡು ಬೇಕಾದರೆ ಕಂಪನಿ ಕೊಟ್ಟೀತು. ನೀರನ್ನು ತರುವುದು ಎಲ್ಲಿಂದ?

ಅದೇ ತಿಂಗಳು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ಕಾರಂಜಿಗೆ, ವಾಹನ ತೊಳೆಯುವುದಕ್ಕೆ ಬಳಸಬಾರದು ಅಂತ ಆಜ್ಞೆ ಮಾಡಿತು. ತಪ್ಪಿದರೆ 5,000 ರೂಪಾಯಿ ದಂಡ. ಕಾವೇರಿ ನೀರು ನಮ್ಮ ನಲ್ಲಿಗೆ ಬರುವುದು ಸುಮಾರು ನೂರು ಕಿಲೋಮೀಟರ್ ದೂರದಿಂದ. ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಹಂತಹಂತವಾಗಿ ಪಂಪು ಮಾಡಿ ಏರಿಸಬೇಕು. ಐದನೇ ಹಂತದ ಯೋಜನೆ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಗಿ ದಿನಕ್ಕೆ 775 ದಶಲಕ್ಷ ಲೀಟರ್ ಹೆಚ್ಚು ಸಿಗುವಂತಾಯಿತು, ನಿಜ. ಅದು ಆಗಲೇ ಬಾಯಾರಿ ಕೂತಿದ್ದ ಬಡಾವಣೆಗಳಿಗೆ ಬಂದ ನೀರು, ಹುಲ್ಲಿನ ಪಾಲು ಅದರಲ್ಲಿಲ್ಲ.

"ಹಾಗಾದರೆ ಬೋರು?" ಅಂದರು ಮಂಜಣ್ಣ. ಬೋರಿನ ನೀರು ನೆಲದೊಳಗೆ ತಾನಾಗಿ ಹುಟ್ಟುವುದಿಲ್ಲ, ಮೇಲಿನಿಂದ ಇಳಿದದ್ದೇ ಅಲ್ಲಿ ಸಿಗಬೇಕು. ನಾವು ಮೇಲೆ ಕಾಂಕ್ರೀಟು ಹಾಸಿ ಮುಚ್ಚುತ್ತಾ, ಕೆಳಗೆ ಇನ್ನೂ ಆಳಕ್ಕೆ ಕೊರೆಯುತ್ತಾ ಹೋದರೆ ಎಷ್ಟು ವರ್ಷ ನಡೆದೀತು?

ಈಗ ಲೆಕ್ಕದ ಇನ್ನೊಂದು ಮಗ್ಗುಲು. ಇದನ್ನು ಹೇಳಿದಾಗ ಮಂಜಣ್ಣನ ಮುಖ ಅರಳಿತು. ಬೆಂಗಳೂರಿಗೆ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಆಸುಪಾಸು ಮಳೆ. ಒಂದು ಎಕರೆಗೆ ಅದು 39 ಲಕ್ಷ ಲೀಟರ್. ಎಂಟು ಎಕರೆಗೆ ಮೂರು ಕೋಟಿ ಲೀಟರಿಗೂ ಮಿಕ್ಕಿ. ಅವರ ಚಾವಣಿಗಳೇ ಎರಡು ಎಕರೆಯಷ್ಟಿವೆ, ಅದರ ಮೇಲೆ ಬೀಳುವುದೇ 78 ಲಕ್ಷ ಲೀಟರ್. ಇಷ್ಟು ನೀರು ಪ್ರತಿವರ್ಷ ಗೇಟಿನ ಮೂಲಕವಲ್ಲದೆ ಆಕಾಶದಿಂದ ಬಿಲ್ಲಿಲ್ಲದೆ ಬಂದು, ಇಂಗದೆ ಉಳಿದದ್ದು ರಸ್ತೆಯ ಚರಂಡಿ ಸೇರಿ, ಮುಂದಿನ ತಗ್ಗಿನ ಬಡಾವಣೆಯ ಮನೆಗಳಿಗೆ ನುಗ್ಗುತ್ತಿದೆ. ಒಂದು ಸಂಜೆ ಐವತ್ತು ಮಿಲಿಮೀಟರ್ ಸುರಿಯುವುದು ಈ ಊರಿಗೆ ಹೊಸದಲ್ಲ. ಆ ಒಂದೇ ಸಂಜೆ ಈ ಎಂಟು ಎಕರೆಯ ಮೇಲೆ ಹದಿನಾರು ಲಕ್ಷ ಲೀಟರ್. ನಮ್ಮ ಆವರಣದ ಮಳೆ ನಮ್ಮ ಜವಾಬ್ದಾರಿ. ಅದನ್ನು ಹೊರಗೆ ದಬ್ಬಿ ಒಳಗೆ ಟ್ಯಾಂಕರು ತರಿಸುವ ತೋಟಕ್ಕೆ ಸುಸ್ಥಿರ ಅನ್ನುವ ಹೆಸರು ಸಲ್ಲುವುದಿಲ್ಲ.

ಮಳೆ ನೀರು ಹಿಡಿಯುವುದು ಕಾನೂನಿನ ಮಾತೂ ಹೌದು. 2009ರಲ್ಲಿ ಜಲಮಂಡಳಿ ಕಾಯ್ದೆಗೆ ತಿದ್ದುಪಡಿ ತಂದು, 60×40 ಸೈಟಿನಲ್ಲಿ ಕಟ್ಟಿರುವ ಹಳೆಯ ಮನೆಗೂ, 30×40 ಸೈಟಿನ ಹೊಸ ಮನೆಗೂ ಮಳೆಕೊಯ್ಲು ಕಡ್ಡಾಯ ಮಾಡಿದರು. ಎಂಟು ಎಕರೆಗೆ ಹೇಳಬೇಕೇ?

ಆವರಣ ನೋಡಲು ಹೋದಾಗ ನಾನು ಮೊದಲು ಹುಡುಕಿದ್ದು ಇಳಿಜಾರನ್ನು. ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಅಂತ ಅಲ್ಲಿದ್ದ ಎಂಜಿನಿಯರ್ ಹುಡುಗನನ್ನು ಕೇಳಿದರೆ ಲ್ಯಾಪ್‌ಟಾಪ್ ತೆರೆದ. ಪಕ್ಕದಲ್ಲಿ ಕಳೆ ಕೀಳುತ್ತಿದ್ದ ಯಾದಗಿರಿ ಕಡೆಯ ಒಬ್ಬ ಹೆಣ್ಣುಮಗಳು ಕೈಯಲ್ಲಿದ್ದ ಕಳೆಗುದ್ದಲಿ ಎತ್ತಿ ತೋರಿಸಿದಳು: "ಮಳಿ ಬಂದ್ರ ಆ ಶೆಡ್ಡಿನ ಹಿಂದ ನೀರ ನಿಂದರ್ತಾವ್ರಿ. ಎರಡ ದಿನಕ್ಕ ತಾನ ಇಂಗತಾವ. ಅಲ್ಲಿ ನೆಲ ಮೆತ್ತಗ ಐತ್ರಿ." ನಕ್ಷೆಯಲ್ಲಿ ಅದೇ ತಗ್ಗಿನ ಮೇಲೆ ಮಣ್ಣು ತುಂಬಿ ದಿಬ್ಬ ಮಾಡುವುದಿತ್ತು. ವರ್ಷಗಟ್ಟಲೆ ಆ ನೆಲವನ್ನು ಬಾಗಿ ನೋಡಿದವಳಿಗೆ ಗೊತ್ತಿದ್ದದ್ದು ನಕ್ಷೆ ಬರೆದವರಿಗೆ ಯಾರೂ ಹೇಳಿರಲಿಲ್ಲ. ಅವರು ಕೇಳಿಯೂ ಇರಲಿಲ್ಲ. ಎಲ್ಲೆಲ್ಲಿ ನೀರು ನಿಲ್ಲುತ್ತದೆ, ಯಾವ ಮರಕ್ಕೆ ಬಾವಲಿ ಬರುತ್ತದೆ, ಯಾವ ಗೋಡೆಯ ಬುಡ ಏಪ್ರಿಲಿನಲ್ಲಿ ಕಾದು ಗಿಡ ಸುಡುತ್ತದೆ, ಇದೆಲ್ಲ ಮಾಲಿಗಳ ತಲೆಯಲ್ಲಿದೆ. ನಕ್ಷೆಯ ಮೊದಲ ಸಭೆಗೆ ಅವರನ್ನು ಕೂರಿಸಿಕೊಳ್ಳಿ ಅಂತ ಮಂಜಣ್ಣನಿಗೆ ಅಲ್ಲೇ ಹೇಳಿದೆ.

ನಮ್ಮ ರೈತರು ಪಾತಿ ಮಾಡುವಾಗ ಬದುವನ್ನು ಎತ್ತರಿಸಿ ಗಿಡದ ನೆಲವನ್ನು ತಗ್ಗಿಸುತ್ತಾರೆ. ಕಚೇರಿಗಳ ತೋಟದಲ್ಲಿ ಇದು ತಿರುಗುಮುರುಗಾಗಿದೆ. ರಸ್ತೆಗಿಂತ ಒಂದಡಿ ಮೇಲೆ ಕರ್ಬ್ ಕಲ್ಲು ಕಟ್ಟಿ, ಅದರೊಳಗೆ ಮಣ್ಣನ್ನು ರಾಶಿ ಹಾಕಿ ಗಿಡ ನೆಡುತ್ತಾರೆ. ಮಳೆ ಬಂದರೆ ಮಣ್ಣು ತೊಳೆದು ರಸ್ತೆಗೆ ಬರುತ್ತದೆ, ರಸ್ತೆಯ ನೀರು ಗಿಡಕ್ಕೆ ಹೋಗುವುದಿಲ್ಲ. ಇದನ್ನು ಸರಿಮಾಡಲು ಹೆಚ್ಚೇನೂ ಬೇಡ. ಗಿಡದ ಪಟ್ಟಿಯನ್ನು ರಸ್ತೆಗಿಂತ ಒಂದು ಗೇಣು ಕೆಳಗೆ ಇಳಿಸಬೇಕು, ಕರ್ಬ್ ಕಲ್ಲನ್ನು ಅಲ್ಲಲ್ಲಿ ಕೊಯ್ದು ನೀರಿಗೆ ಬಾಗಿಲು ಬಿಡಬೇಕು. ಆ ಪಟ್ಟಿಯಲ್ಲಿ ಲಾವಂಚ, ಕಾಬಾಳೆ, ಮಜ್ಜಿಗೆಹುಲ್ಲು ನೆಟ್ಟರೆ ರಸ್ತೆಯಿಂದ ಬಂದ ಹೂಳು ಅಲ್ಲೇ ನಿಲ್ಲುತ್ತದೆ. ಲಾವಂಚದ ಬೇರು ನೆಟ್ಟಗೆ ಕೆಳಗಿಳಿದು ಮೀಟರುಗಟ್ಟಲೆ ಹೋಗುತ್ತದೆ, ಆ ದಾರಿಯಲ್ಲೇ ನೀರೂ ಇಳಿಯುತ್ತದೆ. ದಿನಾ ನೀರು ಕುಡಿಸಿದ ಹುಲ್ಲುಹಾಸಿನ ಬೇರು ಒಂದು ಗೇಣಿನಾಚೆ ಹೋಗುವ ಕಷ್ಟ ತೆಗೆದುಕೊಳ್ಳುವುದಿಲ್ಲ, ಒಂದು ವಾರ ನೀರು ತಪ್ಪಿದರೆ ಒಣಗಿತು.

"ನೀರು ನಿಂತರೆ ಸೊಳ್ಳೆ ಆಗಲ್ವಾ ಅಕ್ಕಾ?" ಅದು ಸರಿಯಾದ ಪ್ರಶ್ನೆ. ಮೊಟ್ಟೆಯಿಂದ ಸೊಳ್ಳೆಯಾಗಿ ಹಾರುವುದಕ್ಕೆ ವಾರ, ಹತ್ತು ದಿನ ನೀರು ನಿಂತಿರಬೇಕು. ಪಟ್ಟಿಯನ್ನು ಸರಿಯಾಗಿ ಮಾಡಿದರೆ ಒಂದೆರಡು ದಿನದಲ್ಲಿ ನೀರು ಇಂಗಿ ಹೋಗಿರುತ್ತದೆ. ನಿಂತೇ ಇರುತ್ತದೆ ಅಂತಾದರೆ ಕೆಳಗೆ ಜಲ್ಲಿ ಹಾಕಿ ದಾರಿ ಬಿಡಿಸಬೇಕು, ಇಲ್ಲವೇ ಮುಂದಕ್ಕೆ ಇಂಗುಬಾವಿಗೆ ಸೇರಿಸಬೇಕು.

ಇಂಗುಬಾವಿಯ ಮಾತು ಬಂದರೆ ನಾನು ಸ್ವಲ್ಪ ಹೊತ್ತು ನಿಲ್ಲಲೇಬೇಕು. ಮೂರಡಿ ಅಗಲ, ಇಪ್ಪತ್ತಡಿ ಆಳದ ಬಾವಿಯಲ್ಲಿ ಒಂದು ಸಲಕ್ಕೆ ಸುಮಾರು 4,000 ಲೀಟರ್ ಹಿಡಿಯುತ್ತದೆ. ತುಂಬುತ್ತಿರುವಾಗಲೇ ಪಕ್ಕಕ್ಕೂ ಕೆಳಕ್ಕೂ ಇಂಗುತ್ತಿರುತ್ತದೆ, ಹಾಗಾಗಿ ಒಂದು ಮಳೆಗೆ ಅದು ನುಂಗುವ ನೀರು ಅದಕ್ಕಿಂತ ಹೆಚ್ಚು. ಸಿಮೆಂಟಿನ ಬಳೆಗಳನ್ನು ಒಂದರ ಮೇಲೊಂದು ಇಳಿಸುತ್ತಾರೆ, ಬಳೆಗಳ ಸಂದಿಗೆ ಸಿಮೆಂಟು ಮೆತ್ತಬಾರದು. ಇದನ್ನು ತೋಡುವವರು ಮಣ್ಣು ವಡ್ಡರು, ಭೋವಿ ಜನ. ತಲೆತಲಾಂತರದಿಂದ ಬಾವಿ ತೋಡಿದವರು. ಬೋರ್‌ವೆಲ್ ಬಂದ ಮೇಲೆ ಅವರ ಕಸುಬು ನಿಂತೇ ಹೋಗುವ ಹಾಗಿತ್ತು. ಬೆಂಗಳೂರಿಗೆ ಹತ್ತು ಲಕ್ಷ ಬಾವಿ ಅನ್ನುವ ಅಭಿಯಾನವನ್ನು ಬಯೋಮ್ ಸಂಸ್ಥೆಯವರು ಶುರುಮಾಡಿದಾಗ ಆ ಕೈಗಳಿಗೆ ಮತ್ತೆ ಕೆಲಸ ಬಂತು. ಕಬ್ಬನ್ ಪಾರ್ಕಿನಲ್ಲಿ ಹೂತುಹೋಗಿದ್ದ ಏಳು ಹಳೆಯ ಬಾವಿಗಳ ಹೂಳು ತೆಗೆದು ಮತ್ತೆ ನೀರು ಕಾಣಿಸಿದವರಲ್ಲೂ ಈ ಜನವೇ ಇದ್ದಾರೆ. ಮಣ್ಣಿನ ಬಣ್ಣ ನೋಡಿ, ಕೈಯಲ್ಲಿ ಉಂಡೆ ಕಟ್ಟಿ, ಇಲ್ಲಿ ನೀರು ಇಳಿಯುತ್ತೆ ಇಲ್ಲಿ ಇಳಿಯಲ್ಲ ಅಂತ ಹೇಳುತ್ತಾರೆ. ಆ ವಿದ್ಯೆ ಉಳಿಯಬೇಕಾದರೆ ಅವರಿಗೆ ಕೆಲಸ ಕೊಡಬೇಕು, ಕೆಲಸಕ್ಕೆ ತಕ್ಕ ಕೂಲಿ ಕೊಡಬೇಕು.

ಒಂದು ಎಚ್ಚರಿಕೆಯನ್ನು ಮಂಜಣ್ಣನ ಡೈರಿಯಲ್ಲಿ ಬರೆಸಿದ್ದೇನೆ. ಚಾವಣಿಯ ನೀರನ್ನು ಹೂಳುಗುಂಡಿ ದಾಟಿಸಿ ಬಾವಿಗೆ ಬಿಡಬಹುದು. ಪಾರ್ಕಿಂಗಿನ ನೀರಿನಲ್ಲಿ ಎಣ್ಣೆ, ಟೈರಿನ ಪುಡಿ ಇರುತ್ತದೆ. ಅದನ್ನು ನೇರ ಬಾವಿಗೆ ಬಿಟ್ಟರೆ ಅಂತರ್ಜಲಕ್ಕೆ ವಿಷ ಹಾಕಿದಂತೆ. ಅದು ಮೊದಲು ಗಿಡದ ಪಟ್ಟಿಯಲ್ಲಿ ಹರಿದು, ಮಣ್ಣಿನಲ್ಲಿ ಸೋಸಿ ಹೋಗಲಿ. ಕೊಳಚೆ ನೀರಂತೂ ಹತ್ತಿರ ಸುಳಿಯಕೂಡದು.

ಇಂಟರ್‌ಲಾಕ್ ಟೈಲ್ಸ್ ಹಾಕಿದರೆ ನೀರು ಇಂಗುತ್ತದೆ ಅನ್ನೋ ನಂಬಿಕೆಯೂ ಇದೆ. ಕೆಳಗೆ ಕಾಂಕ್ರೀಟಿನ ಹಾಸು ಹಾಕಿ ಮೇಲೆ ಟೈಲ್ಸ್ ಕೂರಿಸಿದರೆ ಒಂದು ಹನಿಯೂ ಇಳಿಯುವುದಿಲ್ಲ. ಅಲ್ಲಿ ಹಳೆಯ ಕಾರ್ಖಾನೆಯ ಅಂಗಳದಲ್ಲಿ ದಪ್ಪನೆಯ ಚಪ್ಪಡಿ ಕಲ್ಲುಗಳಿದ್ದವು. ಅವನ್ನು ಕಿತ್ತು ಲಾರಿಗೆ ತುಂಬುವುದಕ್ಕೆ ಹೊರಟಿದ್ದರು. ಮಂಜಣ್ಣ ತಡೆದರು. ಅದೇ ಕಲ್ಲನ್ನು ಮರಳಿನ ಮೇಲೆ ಸಂದು ಬಿಟ್ಟು ಹಾಸಿ, ಸಂದಿಯಲ್ಲಿ ಗರಿಕೆ ಬಿಟ್ಟರೆ ನಡೆಯಲು ಅದಕ್ಕಿಂತ ಒಳ್ಳೆ ದಾರಿ ಬೇಕೇ? ಹೊಸ ಕಲ್ಲು ಕೊಳ್ಳುವುದು ತಪ್ಪಿತು, ಹಳೆಯದನ್ನು ಎಲ್ಲೋ ಕೆರೆಯಂಚಿಗೆ ಸುರಿಯುವುದೂ ತಪ್ಪಿತು.

ಇನ್ನು ಮಳೆಮರಗಳು. ಇವುಗಳ ಬಗ್ಗೆ ನನಗೆ ಸಿಟ್ಟೇ ಬಂತು. ಮಳೆಮರ ದಕ್ಷಿಣ ಅಮೆರಿಕದ್ದು, ಗುಲ್‌ಮೊಹರ್ ಮಡಗಾಸ್ಕರಿನದು, ಸುಳ್ಳಲ್ಲ. ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಜರ್ಮನಿಯ ಕ್ರುಂಬಿಗಲ್ (1865–1956) ಒಂದಾದ ಮೇಲೊಂದು ಹೂಬಿಡುವ ಮರಗಳನ್ನು ಈ ಊರಿನ ಬೀದಿಗಳಿಗೆ ತಂದು ನೆಡಿಸಿದಾಗ ಎಷ್ಟೋ ಹೊರದೇಶದ ಜಾತಿಗಳು ಬಂದವು. ಹೊಸದಾಗಿ ನೆಡುವಾಗ ನಮ್ಮ ನೆಲದ ಮರ ನೆಡಿ ಅಂದರೆ ನಾನು ಎರಡೂ ಕೈ ಎತ್ತುತ್ತೇನೆ. ಆದರೆ ಐವತ್ತು ವರ್ಷ ಬೆಳೆದು, ಅರ್ಧ ಎಕರೆಗೆ ನೆರಳು ಹಾಸಿ, ಗಿಳಿ ಹದ್ದುಗಳಿಗೆ ಮನೆಯಾದ ಮರವನ್ನು ಹೊರಗಿನದು ಅಂತ ಕಡಿದು, ಆ ಜಾಗಕ್ಕೆ ಅದೂ ಹೊರಗಿನದೇ ಆದ ರಾಯಲ್ ಪಾಮನ್ನು ಆಂಧ್ರದ ಕಡಿಯಂ ನರ್ಸರಿಯಿಂದ ಲಾರಿಯಲ್ಲಿ ತರಿಸಿ ನೆಡುವುದು ಯಾವ ನ್ಯಾಯ? ಪಾಮ್ ಮರದ ನೆರಳಲ್ಲಿ ಒಬ್ಬ ಸೆಕ್ಯುರಿಟಿಯವನು ಕುರ್ಚಿ ಹಾಕಿ ಕೂರುವುದಕ್ಕೂ ಆಗುವುದಿಲ್ಲ.

ನೆರಳಿನ ಬೆಲೆ ಬಾಯಿಮಾತಲ್ಲ. ಸಂಶೋಧಕಿ ಹರಿಣಿ ನಾಗೇಂದ್ರ ಮತ್ತು ಜೊತೆಗಾರರು ಬೆಂಗಳೂರಿನ ರಸ್ತೆಗಳಲ್ಲೇ ಅಳೆದು ನೋಡಿ 2013ರಲ್ಲಿ ಪ್ರಕಟಿಸಿದರು. ಮಧ್ಯಾಹ್ನದ ಹೊತ್ತು ಮರವಿರುವ ರಸ್ತೆಯಲ್ಲಿ ಗಾಳಿಯ ಬಿಸಿ ಮರವಿಲ್ಲದ ರಸ್ತೆಗಿಂತ 5.6 ಡಿಗ್ರಿವರೆಗೂ, ಡಾಂಬರಿನ ಮೈ 27.5 ಡಿಗ್ರಿವರೆಗೂ ಕಡಿಮೆ ಇತ್ತು. ಗಾಜಿನ ಗೋಡೆಯ ಕಚೇರಿಗೆ ಪಶ್ಚಿಮದ ಕಡೆ ಒಂದು ದೊಡ್ಡ ಮರವಿದ್ದರೆ ಒಳಗಿನ ಏಸಿಯ ಹೊರೆ ಇಳಿಯುತ್ತದೆ. ಹೊಸ ಸಸಿ ಆ ಕೆಲಸಕ್ಕೆ ಬರಬೇಕಾದರೆ ಹದಿನೈದು ಇಪ್ಪತ್ತು ವರ್ಷ ಕಾಯಬೇಕು.

ಕಡಿಯುವುದಕ್ಕೆ ಅನುಮತಿಯೂ ಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಒಪ್ಪಿಗೆ ಇಲ್ಲದೆ ಮರ ಮುಟ್ಟುವ ಹಾಗಿಲ್ಲ. ಆದರೆ ನನಗೆ ಕಡಿಯುವವರಿಗಿಂತ ಹೆಚ್ಚು ಭಯ, ಉಳಿಸುತ್ತೇವೆ ಅಂತ ಹೇಳಿ ಕೊಲ್ಲುವವರದು. ಮರದ ಬೇರು ಬಹುಪಾಲು ಮೇಲಿನ ಒಂದೂವರೆ ಎರಡಡಿ ಮಣ್ಣಿನಲ್ಲೇ ಇರುತ್ತದೆ, ಕೊಂಬೆಗಳ ಹರವನ್ನು ದಾಟಿ ಹರಡಿರುತ್ತದೆ. ಕಟ್ಟಡದ ಕೆಲಸ ನಡೆಯುವಾಗ ಅದರ ಮೇಲೆ ಲಾರಿ ಓಡುತ್ತದೆ, ಎಂ-ಸ್ಯಾಂಡ್ ರಾಶಿ ಬೀಳುತ್ತದೆ, ಕಾಂಕ್ರೀಟ್ ಗಾಡಿ ತೊಳೆದ ಸುಣ್ಣದಂಥ ನೀರು ಹರಿಯುತ್ತದೆ. ಆಮೇಲೆ ಕೇಬಲ್ಲಿಗೆ ಜೆಸಿಬಿ ಕಾಲುವೆ ತೋಡಿ ಒಂದು ಕಡೆಯ ಬೇರನ್ನೆಲ್ಲ ಕತ್ತರಿಸುತ್ತದೆ. ಕೊನೆಗೆ ನೆಲ ಸಮ ಮಾಡಲು ಎರಡಡಿ ಮಣ್ಣು ಹೇರಿ ಬುಡದವರೆಗೆ ಟೈಲ್ಸ್. ಮರ ಅಂದೇ ಸಾಯುವುದಿಲ್ಲ. ಉದ್ಘಾಟನೆಯ ದಿನ ಹಸಿರಾಗಿಯೇ ಇರುತ್ತದೆ. ಎರಡು ಮೂರು ವರ್ಷದ ಮೇಲೆ ತುದಿ ಒಣಗುತ್ತಾ ಬಂದು, ಒಂದು ಮೇ ತಿಂಗಳ ಗಾಳಿಮಳೆಗೆ ಕಾರಿನ ಮೇಲೆ ಬೀಳುತ್ತದೆ. ಆಗ ಮಳೆಮರವೇ ಅಪಾಯ ಅಂತ ಉಳಿದವನ್ನೂ ಕಡಿಸುತ್ತಾರೆ. ಮರದ ಬುಡದಿಂದ ಒಂದು ಮೀಟರ್ ಒಳಗಿನ ಕಾಂಕ್ರೀಟು ತೆಗೆಯಿರಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ದೆಹಲಿಯ ಸಂಸ್ಥೆಗಳಿಗೆ ಹೇಳಿತ್ತು. ಒಂದು ಮೀಟರ್ ಕನಿಷ್ಠ. ದೊಡ್ಡ ಮರಕ್ಕೆ ಅದರ ನೆರಳು ಬೀಳುವಷ್ಟು ಜಾಗವನ್ನಾದರೂ ಬಿಡಬೇಕು.

ಮಂಜಣ್ಣ ಈ ಮಾತನ್ನು ಕೂಡಲೇ ಹಿಡಿದುಕೊಂಡರು. ಮರುವಾರವೇ ಮರಗಳ ಸುತ್ತ ತಗಡಿನ ಶೀಟು ಕಟ್ಟಿಸಿ, ಒಳಗೆ ಒಂದು ಇಟ್ಟಿಗೆಯನ್ನೂ ಇಡಬಾರದು ಅಂತ ಬೋರ್ಡು ಹಾಕಿಸಿದರು. ಗುತ್ತಿಗೆದಾರ ಜಾಗ ಸಾಲದು ಅಂತ ಗೊಣಗಿದನಂತೆ. ಗೊಣಗಲಿ.

ಹೊಸ ಗಿಡಗಳ ಆಯ್ಕೆಯಲ್ಲಿ ನಾವಿಬ್ಬರೂ ಎಷ್ಟೋ ಸಂಜೆ ಕಳೆದೆವು. ಪಾರ್ಕಿಂಗ್ ಸಾಲಿಗೆ ಹೊಂಗೆ. ಏಪ್ರಿಲಿನ ಉರಿಬಿಸಿಲಲ್ಲಿ ಹೊಸ ಚಿಗುರು ತುಂಬಿಕೊಂಡು ನಿಲ್ಲುವ ಮರ ಅದು, ಅದರ ತಂಪಿಗೆ ನಮ್ಮ ಹಳ್ಳಿಗಳೇ ಸಾಕ್ಷಿ. ಗೇಟಿನ ಹತ್ತಿರ ಕಕ್ಕೆ, ಹೊಳೆದಾಸವಾಳ, ಒಂದು ಮುತ್ತುಗ. ಹೂವಿನ ಬಣ್ಣ ಬೇಕು ಅನ್ನುವವರಿಗೆ ಇದಕ್ಕಿಂತ ಬಣ್ಣ ಬೇಕೇ? ಕ್ಯಾಂಟೀನಿನ ಬಳಿ ಕರಿಬೇವು, ನಿಂಬೆ. ಅಡುಗೆಯವರಿಗೂ ಆಯಿತು, ನಿಂಬೆ ಚಿಟ್ಟೆಗೆ ಮೊಟ್ಟೆಯಿಡಲೂ ಆಯಿತು. ಹಿಂದಿನ ತಗ್ಗಿಗೆ ಮತ್ತಿ ಮತ್ತು ನೇರಳೆ, ಒದ್ದೆ ನೆಲವನ್ನು ತಾಳುವ ಮರಗಳು. ನೇರಳೆಯನ್ನು ಕಾರು ನಿಲ್ಲಿಸುವ ಕಡೆ ಮಾತ್ರ ಬೇಡ ಅಂದೆ, ಹಣ್ಣಿನ ಕಲೆಗೆ ಜನ ಮರದ ಮೇಲೇ ಸಿಟ್ಟಾಗುತ್ತಾರೆ. ಕಾಂಪೌಂಡಿನ ಅಂಚಿಗೆ ನಕ್ಷೆಯಲ್ಲಿ ಕೊನೊಕಾರ್ಪಸ್ ಸಾಲು ಬರೆದಿದ್ದರು. ಬೇಗ ಬೆಳೆದು ಗೋಡೆಯ ಹಾಗೆ ಮರೆಮಾಡುತ್ತದೆ, ಅದಕ್ಕೇ ಎಲ್ಲ ಕಡೆ ಹಾಕುತ್ತಾರೆ. ಆದರೆ ಅದರ ಪರಾಗದಿಂದ ಉಸಿರಾಟದ ತೊಂದರೆ, ಬೇರಿನಿಂದ ಪೈಪುಗಳಿಗೆ ಹಾನಿ ಎಂಬ ಕಾರಣಕ್ಕೆ ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ಆ ಜಾಗಕ್ಕೆ ಲಕ್ಕಿ, ಆಡುಸೋಗೆ, ಬಂದರಿಕೆ ಸಾಕು. ನೀರು ಕೇಳುವುದಿಲ್ಲ, ದನ ಬಾಯಿ ಹಾಕುವುದಿಲ್ಲ, ಕತ್ತರಿಸಿದಷ್ಟೂ ದಟ್ಟವಾಗುತ್ತವೆ.

ಇವುಗಳಲ್ಲಿ ಹಲವು ಬೇಡಿಕೆಯ ನರ್ಸರಿ ಗಿಡಗಳಲ್ಲ, ಹುಡುಕಬೇಕಾಗುತ್ತದೆ. ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಹೊಂಗೆ, ನೇರಳೆ, ಮತ್ತಿಯಂಥವು ಸಿಗುತ್ತವೆ. ಮೊದಲ ಮಳೆಗೆ ನೆಟ್ಟರೆ ನಾಲ್ಕೈದು ತಿಂಗಳು ಆಕಾಶವೇ ನೀರು ಹಾಕುತ್ತದೆ. ಉದ್ಘಾಟನೆಗೆ ಮಂತ್ರಿಗಳು ಬರುವ ದಿನ ನೋಡಿ ಮಾರ್ಚಿನಲ್ಲಿ ನೆಡಬೇಡಿ.

"ನಮ್ಮಲ್ಲಿ ಕೊಳಚೆ ನೀರು ಶುದ್ಧ ಮಾಡೋ ಎಸ್‌ಟಿಪಿ ಇದೆ ಅಕ್ಕಾ, ಆ ನೀರನ್ನೇ ಹುಲ್ಲಿಗೆ ಹಾಕಬಹುದಲ್ಲ?" ಎಂದು ಮಂಜಣ್ಣ ಒಂದು ದಿನ ಮತ್ತೆ ಹುಲ್ಲಿಗೆ ಬಂದರು. ಅವರ ಮಾತಿನಲ್ಲಿ ಹುರುಳಿದೆ. ಕಚೇರಿಯಲ್ಲಿ ಒಬ್ಬರಿಗೆ ದಿನಕ್ಕೆ 45 ಲೀಟರ್ ಎನ್ನುವುದು ಭಾರತೀಯ ಮಾನಕದ ಲೆಕ್ಕ. ಎರಡು ಸಾವಿರ ಜನಕ್ಕೆ 90,000 ಲೀಟರ್, ಅದರಲ್ಲಿ ಬಹುಪಾಲು ಎಸ್‌ಟಿಪಿಗೆ ಹೋಗುತ್ತದೆ. ಹುಲ್ಲಿಗೆ ಬೇಕಾದ ಇಪ್ಪತ್ತು ಸಾವಿರ ಅದರಲ್ಲಿ ಸಿಕ್ಕೀತು. ಆದರೆ ಆ ನೀರು ಮೊದಲು ಸಲ್ಲಬೇಕಾದದ್ದು ಶೌಚಾಲಯದ ಫ್ಲಶ್ಶಿಗೆ, ಏಸಿಯ ಕೂಲಿಂಗ್ ಟವರಿಗೆ. ಅಲ್ಲಿ ಇನ್ನೂ ಕಾವೇರಿ ನೀರೋ ಬೋರಿನ ನೀರೋ ಹೋಗುತ್ತಿದ್ದರೆ, ಹುಲ್ಲಿಗೆ ಹಾಕಿದ ಒಂದೊಂದು ಲೀಟರಿಗೂ ಇನ್ನೊಂದು ಕಡೆ ಒಂದೊಂದು ಲೀಟರ್ ಒಳ್ಳೆ ನೀರು ಖರ್ಚಾಗುತ್ತಿದೆ ಅಂತಲೇ ಅರ್ಥ. ಮೊದಲು ಅಲ್ಲಿ ಪೈಪು ಬದಲಾಯಿಸಿ. ಉಳಿದದ್ದನ್ನು ಡ್ರಿಪ್ ಪೈಪಿನಲ್ಲಿ ಮರಗಿಡದ ಬೇರಿಗೆ ಕೊಡಿ. ಆ ನೀರಿನಲ್ಲಿ ಉಪ್ಪಿನಂಶ ಹೆಚ್ಚಿರುತ್ತದೆ, ವರ್ಷಕ್ಕೊಮ್ಮೆ ಮಣ್ಣು ಪರೀಕ್ಷೆ ಮಾಡಿಸಿ. ಜಕ್ಕೂರು ಕೆರೆಯಲ್ಲಿ ಎಸ್‌ಟಿಪಿಯಿಂದ ಬಂದ ನೀರು ಜೊಂಡು ಬೆಳೆದ ಜೌಗಿನಲ್ಲಿ ಹಾದು ಆಮೇಲೆ ಕೆರೆ ಸೇರುತ್ತದೆ. ಅಂಥ ಒಂದು ಸಣ್ಣ ಜೌಗನ್ನು ಆವರಣದ ಒಳಗೇ ಮಾಡಬಹುದು. ಕಾರಂಜಿಗಿಂತ ಅದರ ಹತ್ತಿರ ಹೆಚ್ಚು ಹಕ್ಕಿ ಬರುತ್ತವೆ.

ಹುಲ್ಲೇ ಬೇಡ ಅಂತ ನಾನು ಹೇಳುವುದಿಲ್ಲ. ಊಟದ ಹೊತ್ತಿಗೆ ಹುಡುಗ ಹುಡುಗಿಯರು ಕೂತು ಮಾತಾಡುವಷ್ಟು ಒಂದು ತುಣುಕು, ಮೆಟ್ಟಿದರೂ ಸಾಯದ ಗರಿಕೆಯದು, ಇರಲಿ. ಯಾರೂ ಕಾಲಿಡದ, ಕಾಲಿಟ್ಟರೆ ಸೀಟಿ ಊದುವ ಒಂದು ಎಕರೆ ಬೇಡ.

ಎಲೆಯ ವಿಷಯದಲ್ಲಿ ನನಗೂ ಮಂಜಣ್ಣನಿಗೂ ನಿಜವಾದ ಜಗಳವಾಯಿತು. ಮೇಲಿನವರಿಗೆ ನೆಲದ ಮೇಲೆ ಒಂದೆಲೆ ಕಾಣಬಾರದು. ಬ್ಲೋಯರ್ ಮೆಷಿನ್ನಿನಿಂದ ಊದಿ, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಲಾರಿಗೆ ಹೇರುತ್ತಾರೆ. ಆಮೇಲೆ ಗೊಬ್ಬರ ಕೊಳ್ಳುತ್ತಾರೆ. ಗುತ್ತಿಗೆಯಲ್ಲಿ ಬರೆದಿರುವುದೇ 'ಸ್ವಚ್ಛವಾಗಿಡುವುದು' ಅಂತ, ಎಷ್ಟು ಚದರಡಿ ಗುಡಿಸಿದರೋ ಅಷ್ಟಕ್ಕೆ ದುಡ್ಡು. ನೆಲಕ್ಕೆ ಬಿದ್ದ ಎಲೆಯನ್ನು ಮರದ ಬುಡದಲ್ಲೇ ಮೂರು ನಾಲ್ಕು ಅಂಗುಲ ಹೊದಿಕೆಯಾಗಿ ಬಿಟ್ಟರೆ ಮಣ್ಣಿನ ತೇವ ಉಳಿಯುತ್ತದೆ, ಎರೆಹುಳು ಬರುತ್ತದೆ, ಜೆಸಿಬಿ ತುಳಿದು ಗಟ್ಟಿಯಾದ ನೆಲ ಮತ್ತೆ ಸಡಿಲವಾಗುತ್ತದೆ. ಕಾಂಡಕ್ಕೆ ಮಾತ್ರ ತಾಗದ ಹಾಗೆ ಒಂದು ಗೇಣು ಬಿಡಬೇಕು. ದಾರಿಯ ಮೇಲೆ ಬಿದ್ದ ಎಲೆಯನ್ನು ತಂತಿ ಜಾಲರಿಯ ತೊಟ್ಟಿಗೆ ಹಾಕಿ, ಕ್ಯಾಂಟೀನಿನ ತರಕಾರಿ ಸಿಪ್ಪೆ ಬೆರೆಸಿ, ಸಗಣಿ ನೀರು ಚಿಮುಕಿಸಿ ಆಗಾಗ ಮಗುಚಿದರೆ ಕೆಲವೇ ತಿಂಗಳಲ್ಲಿ ಗೊಬ್ಬರ.

"ಎಲೆ ಬಿಟ್ಟರೆ ಹಾವು ಬರುತ್ತೆ ಅಂತಾರೆ." ಹಾವು ಬರುವುದು ಇಲಿಗೆ, ಇಲಿ ಬರುವುದು ಕ್ಯಾಂಟೀನಿನ ಹಿಂದೆ ಚೆಲ್ಲಿದ ಅನ್ನಕ್ಕೆ. ಅಲ್ಲಿ ಮುಚ್ಚಳದ ಡಬ್ಬಿ ಇಡಿಸಿ, ದಾರಿಗಳಿಗೆ ಬೆಳಕು ಹಾಕಿಸಿ ಅಂದೆ. ಮಂಜಣ್ಣ ಅರ್ಧ ಒಪ್ಪಿದರು. ಹಿಂಭಾಗದಲ್ಲಿ ಎಲೆ ಬಿಡುವುದು, ಮುಂಭಾಗದಲ್ಲಿ ಗುಡಿಸಿ ಗೊಬ್ಬರ ಮಾಡುವುದು ಅಂತ ತೀರ್ಮಾನವಾಯಿತು. ನನಗೆ ಪೂರ್ತಿ ಸಮಾಧಾನವಿಲ್ಲ, ಆದರೂ ಪ್ಲಾಸ್ಟಿಕ್ ಚೀಲ ತಪ್ಪಿತು.

ಗುತ್ತಿಗೆಯ ಪತ್ರವನ್ನು ತಿದ್ದುವುದೇ ಎಲ್ಲಕ್ಕಿಂತ ಮುಖ್ಯ ಎಂದು ನನಗೆ ಆಮೇಲೆ ಮನದಟ್ಟಾಯಿತು. ನಕ್ಷೆ ಎಷ್ಟೇ ಚೆನ್ನಾಗಿರಲಿ, ದುಡ್ಡು ಯಾವುದಕ್ಕೆ ಕೊಡುತ್ತೀರೋ ತೋಟ ಅದೇ ಆಗುತ್ತದೆ. ಮೂರು ವರ್ಷದ ಮೇಲೆ ಎಷ್ಟು ಸಸಿ ಬದುಕಿದೆ, ಎಷ್ಟು ಗೊಬ್ಬರ ಒಳಗೇ ತಯಾರಾಯಿತು, ಹೊರಗಿನಿಂದ ಎಷ್ಟು ನೀರು ತಂದರು, ಇಂಗುಬಾವಿಯ ಹೂಳುಗುಂಡಿಯನ್ನು ಮಳೆಗಾಲದ ಮುಂಚೆ ಶುಚಿ ಮಾಡಿದರೋ ಇಲ್ಲವೋ, ಇದಕ್ಕೆ ದುಡ್ಡು ಕಟ್ಟಬೇಕು. ಮಾಲಿಗಳನ್ನು ಆರಾರು ತಿಂಗಳಿಗೆ ಬದಲಿಸದೆ ಅದೇ ಕೈಗಳನ್ನು ಉಳಿಸಿಕೊಳ್ಳಬೇಕು. ಅವರಿಗೆ ಬುತ್ತಿ ಬಿಚ್ಚಿ ಉಣ್ಣಲು, ಬಟ್ಟೆ ಬದಲಿಸಲು ಒಂದು ಕೋಣೆಯನ್ನೂ ನಕ್ಷೆಯಲ್ಲಿ ಬರೆಯಬೇಕು. ಆ ಯಾದಗಿರಿಯ ಹೆಣ್ಣುಮಗಳು ಕಳೆಯೆಂದು ಕಿತ್ತದ್ದರಲ್ಲಿ ಹೊನಗೊನ್ನೆ, ಹಕ್ಕರಕಿ ಆರಿಸಿ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು. ಔಷಧಿ ಹೊಡೆಯದ ನೆಲವಾದರೆ ಅದು ಅವಳ ಮನೆಯ ಪಲ್ಯ. ಆ ಆವರಣದಲ್ಲಿ ಕಳೆನಾಶಕ ಹೊಡೆಯುವುದನ್ನು ಈಗ ನಿಲ್ಲಿಸಿದ್ದಾರೆ ಅಂತ ಮಂಜಣ್ಣ ಹೇಳಿದಾಗ ನನಗೆ ಬೇರೆಲ್ಲಕ್ಕಿಂತ ಹೆಚ್ಚು ಸಂತೋಷವಾಯಿತು.

ನಕ್ಷೆ ಬದಲಾಗಿದೆ, ಪೂರ್ತಿಯಲ್ಲ. ಕಾರಂಜಿ ಹೋಯಿತು, ಪಾಮ್ ಸಾಲು ಪೋರ್ಟಿಕೋದ ಎದುರು ನಾಲ್ಕಕ್ಕೆ ಇಳಿಯಿತು. ಮಳೆಮರಗಳಲ್ಲಿ ಪೊಳ್ಳು ಬಿದ್ದಿದ್ದ ಎರಡನ್ನು ಬಿಟ್ಟು ಉಳಿದವೆಲ್ಲ ನಿಂತಿವೆ. ಶೆಡ್ಡಿನ ಹಿಂದಿನ ತಗ್ಗು ತಗ್ಗಾಗಿಯೇ ಇದೆ, ಅದರಂಚಿಗೆ ಇಂಗುಬಾವಿಗಳ ಕೆಲಸ ನಡೆಯುತ್ತಿದೆ.

ನೀವು ಕೆಲಸ ಮಾಡುವ ಕಚೇರಿಯಲ್ಲೂ ನವೀಕರಣ ನಡೆಯುತ್ತಿದ್ದರೆ, ನಕ್ಷೆ ಅಂತಿಮವಾಗುವ ಮೊದಲು ಒಂದು ಪತ್ರ ಬರೆದು ಕೇಳಿ: ನಮ್ಮ ಆವರಣದ ಮೇಲೆ ಬೀಳುವ ಮಳೆ ಎಷ್ಟು, ಅದರಲ್ಲಿ ಒಳಗೆ ಉಳಿಯುವುದೆಷ್ಟು, ಈಗಿರುವ ಮರಗಳಲ್ಲಿ ಎಷ್ಟರ ಬುಡಕ್ಕೆ ಜಾಗ ಬಿಟ್ಟಿದ್ದೀರಿ? ಉತ್ತರ ಲಿಖಿತವಾಗಿ ಬರಲಿ. ಜೆಸಿಬಿ ಒಳಗೆ ಬರುವ ಮುಂಚೆಯೇ ಕೇಳಿ.